ಎರಡು ಪಿನ್ನು

ನನ್ನ ಅಂಗಿ ಜೇಬಿನಲ್ಲಿ ಎರಡು ಪಿನ್ನು.
ಹರಿಹರದ ಲೇತಿನ ಮೇಲೆ ನಾನೇ ಕಡೆದದ್ದು,
ಕೂದಲೆಳೆಯ ಹತ್ತನೇ ಪಾಲು ಹೆಚ್ಚಿಲ್ಲ, ಕಮ್ಮಿಯಿಲ್ಲ.
ಹೊರಡುವಾಗ ಕೊಟ್ರಮ್ಮ ಮೇಡಂ ಹೇಳಿದ್ದು ಇಷ್ಟೇ:
"ಹಾಲೇಶಿ, ಉಳಿದದ್ದೆಲ್ಲ ಟ್ರೇಲರಿನಲ್ಲಿರಲಿ,
ಇವೆರಡು ನಿನ್ನ ಮೈಮೇಲಿರಲಿ."

ದಾವಣಗೆರೆ ಬಿಟ್ಟಾಗ ಇನ್ನೂ ಕತ್ತಲು.
ಮಂಡಕ್ಕಿ ಭಟ್ಟಿಗಳು ಆಗಲೇ ಹೊಗೆಯಾಡುತ್ತಿದ್ದವು.
ರೆಕ್ಕೆಗಳು ಹಿಂದಕ್ಕೆ ಮಡಿಸಿಕೊಂಡು
ಮೈಗೆ ಅಂಟಿ ಕೂತಿದ್ದವು,
ಸಂತೆಗೆ ಕಾಲು ಕಟ್ಟಿ ಒಯ್ಯುವ ಹುಂಜದ ಹಾಗೆ.
ಛೆ, ಈ ಹೋಲಿಕೆ ಮೇಡಂಗೆ ಹೇಳಬಾರದು.

ರೆಕ್ಕೆಗೂ ಮೈಗೂ ನಡುವೆ ಚಳ್ಳಕೆರೆ ಕಂಬಳಿ, ಎರಡು ಮಡಿಕೆ.
ಚುಕ್ಕಾಣಿ ಅಲುಗದಂತೆ ಹಲಗೆಯ ಬಿಗಿ.
ಮೂತಿಗೆ ಪಟ್ಟಿ, ಗಾಲಿಗೆ ಪಟ್ಟಿ,
ಬಾಲದ ತುದಿಗೆ ಕೆಂಪು ಬಟ್ಟೆ, ಮೇಡಂದೇ ಒಂದು ರವಿಕೆ ಕಣ.
ದಾದಾಪೀರ್ ಸ್ಟೇರಿಂಗ್ ಮುಟ್ಟಿ ಬಿಸ್ಮಿಲ್ಲಾ ಅಂದ.
ಅವನು ಮೆಕ್ಕೆಜೋಳ ಹೊತ್ತಿದ್ದಾನೆ, ಕೋಳಿ ಹೊತ್ತಿದ್ದಾನೆ,
ಒಮ್ಮೆ ನಾಟಕ ಕಂಪನಿಯ ಇಡೀ ಅರಮನೆ ಹೊತ್ತಿದ್ದಾನೆ.
"ಇಷ್ಟು ಹಗುರದ್ದು ಇಷ್ಟು ಭಯ ಹುಟ್ಟಿಸಿದ್ದು ಇದೇ ಮೊದಲು."

ಟೋಲಿನಲ್ಲಿ ಹುಡುಗ ಕಿಟಕಿಯಿಂದ ಕತ್ತು ಚಾಚಿದ.
"ಇದು ಯಾವ ಲೆಕ್ಕಕ್ಕೆ ಬರ್ತೈತ್ರೀ? ಕಾರಾ, ಲಾರಿನಾ?"
"ಎಳೆಯೋದು ಪಿಕಪ್ಪು, ಅದಕ್ಕ ಹಾಕು."
"ಹಿಂದಿಂದು?"
"ಲಗೇಜು."
ಮೇಡಂ ಕನ್ನಡಕ ಇಳಿಸಿ ದಾದಾಪೀರನನ್ನು ನೋಡಿದರು.
ಹನ್ನೊಂದು ವರ್ಷ ಕೂತು ಕಟ್ಟಿದ್ದು. ಲಗೇಜು.

ಭರಮಸಾಗರ ಕಳೆದ ಮೇಲೆ ಬೆಳಕಾಯಿತು, ಅಡ್ಡಗಾಳಿಯೂ ಎದ್ದಿತು.
ಮುಂದೆ, ಗಾಳಿಯಂತ್ರದ ಅಲಗು ಹೊತ್ತ ಟ್ರೇಲರು ತೆವಳುತ್ತಿತ್ತು.
ಒಂದೇ ಅಲಗು, ಒಂದು ಓಣಿಯಷ್ಟು ಉದ್ದ,
ಮಡಿಸಲಾಗದ ರೆಕ್ಕೆ.
ಅದರ ಮರೆಯಲ್ಲಿ ಗಾಳಿ ಸತ್ತಿತು;
ದಾಟಿದ್ದೇ ತಡ, ಒಮ್ಮೆಗೇ ಬಡಿಯಿತು.
ಹಿಂದೆ ಕಂಬಳಿಯ ಕೆಳಗೆ ಏನೋ ಗುನುಗಿತು.
"ನಿಲ್ಸು" ಅಂದರು ಮೇಡಂ.

ಇಳಿದು ನೋಡಿದರೆ ಒಂದು ಪಟ್ಟಿ ಎರಡು ಬೆರಳು ಸಡಿಲ.
ಅಷ್ಟರಲ್ಲೇ ಅದು ಹಾರಲು ನೋಡಿತ್ತು,
ಕಟ್ಟಿಸಿಕೊಂಡೇ, ಮಡಿಸಿಕೊಂಡೇ, ಅರವತ್ತರ ವೇಗದಲ್ಲಿ.
ಮೇಡಂ ಅದರ ಮೂತಿ ತಟ್ಟಿ "ತಡಿ" ಅಂದರು,
ಪಾಲಿಟೆಕ್ನಿಕ್ಕಿನಲ್ಲಿ ನಾವು
ಬಿಸಿ ಬೆಸುಗೆಗೆ ಬೆರಳಿಡಲು ಹೋದಾಗ ಅನ್ನುತ್ತಿದ್ದ ಹಾಗೆಯೇ.

ದುರ್ಗದ ಬೈಪಾಸಿನಲ್ಲಿ ಪೊಲೀಸಪ್ಪ ಕಾಗದ ಕೇಳಿದ.
ತೆಗೆದುಕೊಂಡ, ಓದಲಿಲ್ಲ,
ರೆಕ್ಕೆಯ ಮಡಿಕೆಗೆ ಬೆರಳು ತೂರಿಸಿ
"ಮೇಲೆ ಹೋದಾಗ ಇಲ್ಲಿ ಮುರಿಯಲ್ವೇನ್ರೀ?" ಅಂದ.
ಯಾರೂ ಉತ್ತರ ಕೊಡಲಿಲ್ಲ.
ನನ್ನ ಕೈ ತಾನಾಗಿ ಜೇಬಿಗೆ ಹೋಯಿತು.
ಎರಡು. ಬೆಚ್ಚಗಿದ್ದವು.

ಚಳ್ಳಕೆರೆ ರಸ್ತೆಯಿಂದ ಒಳಗೆ, ಶೇಂಗಾ ಕಿತ್ತ ಹೊಲ,
ಉರುಳೆ ಹೊಡೆದು ಗಟ್ಟಿ ಮಾಡಿದ ಒಂದು ಉದ್ದನೆ ಪಟ್ಟೆ.
ಕುರಿ ಹಿಂದೆ ಬಂದ ಹುಡುಗಿ ಬಹಳ ಹೊತ್ತು ನೋಡಿ ಕೇಳಿದಳು:
"ಇದು ಗುಡ್ಡದ ಮ್ಯಾಲಿನ ಗಾಳಿಯಂತ್ರದ ಮರೀನಾ?"

ಎಡರೆಕ್ಕೆಯ ತುದಿ ಹಿಡಿದು ನಾನು ಅರ್ಧಚಂದ್ರ ನಡೆದೆ,
ಗೋಡೆಯಿಲ್ಲದ ಕಡೆ ಬಾಗಿಲು ತೆರೆಯುವವನಂತೆ.
ತೂತಿಗೆ ತೂತು ಕೂತಿತು. ಪಿನ್ನು ಜಾರಿತು. ಟಕ್.
ಬಲಗಡೆ. ಟಕ್.
ಜೇಬು ಖಾಲಿ.

ಆಗ ಬಂತು ಗಾಳಿ.
ತುದಿ ಇನ್ನೂ ನನ್ನ ಕೈಯಲ್ಲೇ ಇತ್ತು.
ಒಂದು ಗಳಿಗೆ, ಅಷ್ಟೇ, ನಾನು ಅದನ್ನು ಹಿಡಿದಿದ್ದೆನೋ
ಅದು ನನ್ನನ್ನು ಹಿಡಿದಿತ್ತೋ,
ಚಪ್ಪಲಿ ನೆಲದಲ್ಲಿತ್ತು,
ಹಿಮ್ಮಡಿ ಚಪ್ಪಲಿಯಲ್ಲಿರಲಿಲ್ಲ.

ಗಳದ ತುದಿಗೆ ಕಟ್ಟಿದ ಬಟ್ಟೆಚೀಲ ಉಬ್ಬಿ
ಪಟ್ಟೆಗೆ ಅಡ್ಡಲಾಗಿ ನೆಟ್ಟಗೆ ನಿಂತಿತ್ತು.
ಮೇಡಂ ಅದನ್ನೇ ನೋಡಿದರು. "ಇವತ್ತಾಗಲ್ಲ. ಮಡಿಸ್ರಿ."
"ಲಗೇಜು ವಾಪಸ್ಸಾ?" ಅಂದ ದಾದಾಪೀರ್.
ಈ ಸಲ ಮೇಡಂ ನಕ್ಕರು.
"ಬೆಳಗಿನ ಗಾಳಿ ನೋಡೋಣ."

ರಾತ್ರಿ ಕಂಬಳಿಗಳು ನಮ್ಮ ಪಾಲಿಗೆ ಬಂದವು,
ಅರ್ಧ ಕುರಿಯ ವಾಸನೆ, ಅರ್ಧ ಬಣ್ಣದ ವಾಸನೆ.
ಮಗ್ಗುಲು ಬದಲಿಸಿದಾಗಲೆಲ್ಲ ಜೇಬಿನಲ್ಲಿ
ಒಂದಕ್ಕೊಂದು ತಾಗಿ ಸಣ್ಣ ಸದ್ದು.
ಒಮ್ಮೆ ಸದ್ದು ಬರಲಿಲ್ಲ.
ಎದ್ದು ಕೂತು ಎಣಿಸಿದೆ.